ಗೇರಿಲ್ಲದ ಲೈಸೆನ್ಸು

ಯಲ್ಲಾಪುರದ ಅಜ್ಜಿಯ ಸ್ಕೂಟರಿನ ಹಾರ್ನು ನಮ್ಮ ಇಸಳೂರಿನ ಮನೆಯ ತಿರುವಿನಲ್ಲಿ ಕೇಳಿಸಿದರೆ ಸಾಕು, ನೀವಿಬ್ಬರೂ ಊಟದ ಬಟ್ಟಲು ಬಿಟ್ಟು ಓಡುತ್ತಿದ್ದಿರಿ. ಕೈ ಎಂಜಲು, ಬಾಯಲ್ಲಿ ಇನ್ನೂ ತುತ್ತು. ನಾನು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಬಟ್ಟಲು ಎತ್ತಿ, ಚೆಲ್ಲಿದ ಅನ್ನ ಬಳಿದು ಹೊರಗೆ ಬರುವಷ್ಟರಲ್ಲಿ ಸಣ್ಣವನು ಸ್ಕೂಟರಿನ ಮುಂದೆ ನಿಂತಿರುತ್ತಿದ್ದ, ದೊಡ್ಡವಳು ಹಿಂದೆ ಕೂತಿರುತ್ತಿದ್ದಳು, ನಿಮ್ಮ ಯಲ್ಲಾಪುರದ ಅಜ್ಜಿ ಹೆಲ್ಮೆಟ್ಟಿನೊಳಗಿಂದ ನನ್ನನ್ನು ನೋಡಿ, 'ಒಂದು ರೌಂಡ್ ಹೊಡ್ಕಂಡು ಬತ್ತೆ ಅತ್ತಿಗೆ' ಎನ್ನುತ್ತಿದ್ದರು.

ಅವರು ನಿಮ್ಮ ಅಮ್ಮನ ತಾಯಿ, ನನಗೆ ಬೀಗಿತ್ತಿ. ಬೀಗಿತ್ತಿಯರು ನಾವು ಒಬ್ಬರಿಗೊಬ್ಬರು ಅತ್ತಿಗೆ ಎಂದೇ ಕರೆದುಕೊಳ್ಳುವುದು. ವಯಸ್ಸಿನಲ್ಲಿ ನನ್ನ ಸರೀಕರು. ಯಲ್ಲಾಪುರದಿಂದ ಶಿರಸಿ ಪಕ್ಕದ ನಮ್ಮ ಮನೆಯ ತನಕ ಒಬ್ಬರೇ ಚೂಡಿದಾರ ಹಾಕಿಕೊಂಡು ಬರುತ್ತಿದ್ದರು. ಅಷ್ಟು ದೂರದ ಗಾಳಿಯಲ್ಲಿ ಬಂದು ಹೆಲ್ಮೆಟ್ ತೆಗೆದರೂ ಅವರ ಕೂದಲು ಕೆದರಿರುತ್ತಿರಲಿಲ್ಲ. ಅದೂ ನನಗೆ ಸೇರುತ್ತಿರಲಿಲ್ಲ.

ಬೆಳಿಗ್ಗೆ ನಿಮಗೆ ದೋಸೆ ಹೊಯ್ದು ಕೊಡುವವಳು ನಾನು. ದೊಡ್ಡವಳ ಎರಡು ಜಡೆ, ಸಣ್ಣವನ ಮೂಗು, ಇಬ್ಬರ ಸಮವಸ್ತ್ರ, ಜ್ವರ ಬಂದಾಗ ಕಷಾಯ, ಎಲ್ಲ ನಾನೇ. ಅವರು ತಿಂಗಳಿಗೊಮ್ಮೆ ಬಂದು ನಿಮ್ಮನ್ನು ಸ್ಕೂಟರಿನಲ್ಲಿ ಕೂರಿಸಿ ಎರಡು ಸುತ್ತು ಹಾಕಿಸಿದರೆ ನನ್ನ ತಿಂಗಳಿಡೀ ಕೆಲಸ ನೀರಿಗೆ ಹೋದಂತೆ. ಒಂದು ರಜೆಯಲ್ಲಿ ನೀವು ಯಲ್ಲಾಪುರಕ್ಕೆ ಹೋದಾಗ ಅವರು ನಿಮ್ಮನ್ನು ಚಂದಗುಳಿಗೆ ಕರೆದುಕೊಂಡು ಹೋಗಿ ಗಣಪತಿಗೆ ಗಂಟೆ ಕಟ್ಟಿಸಿದರು. ತಿರುಗಿ ಬಂದ ಮೇಲೆ ಒಂದು ವಾರ ಮನೆಯಲ್ಲಿ ಅದೇ ಮಾತು. ನಾನೂ ನಿಮ್ಮನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೇನಲ್ಲ ಎಂದೆ. ಆಗ ದೊಡ್ಡವಳು ಹೇಳಿದಳು, 'ನೀನು ಬಸ್ಸಜ್ಜಿ. ಅದು ಸ್ಕೂಟರಜ್ಜಿ.' ನಿನಗೆ ನೆನಪಿರಲಿಕ್ಕಿಲ್ಲ ಮಗಳೇ. ನನಗೆ ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ.

ಇದು ಹೀಗೇ ನಡೆದಿದ್ದರೆ ನಾನು ನುಂಗಿಕೊಂಡು ಇರುತ್ತಿದ್ದೆನೇನೋ. ಆದರೆ ದಸರಾ ರಜೆ ಹತ್ತಿರ ಬಂದಾಗ ನಿಮ್ಮ ಅಪ್ಪನಿಗೆ ಸಿದ್ದಾಪುರದ ಕಚೇರಿಗೆ ವರ್ಗವಾಯಿತು, ರಜೆ ಮುಗಿದ ಕೂಡಲೇ ಹಾಜರಾಗಬೇಕು. ಅಲ್ಲಿಯ ತನಕ ಅವನೇ ನಿಮ್ಮನ್ನು ತನ್ನ ಬೈಕಿನಲ್ಲಿ ಶಾಲೆಗೆ ಬಿಟ್ಟು ಕರೆದುಕೊಂಡು ಬರುತ್ತಿದ್ದ. ಶಾಲೆಯ ವ್ಯಾನಿನಲ್ಲಿ ಸಣ್ಣವನಿಗೆ ವಾಂತಿ. ನಿಮ್ಮ ಅಮ್ಮನಿಗೆ ಪೇಟೆಯ ಬ್ಯಾಂಕಿನ ಕೌಂಟರು ಬಿಟ್ಟು ಸಂಜೆಯ ಒಳಗೆ ಹೊರಬೀಳಲು ಆಗುವುದಿಲ್ಲ, ಮೇಲಾಗಿ ಅವಳು ಗಾಡಿಯ ಹ್ಯಾಂಡಲ್ ಮುಟ್ಟಿದವಳೇ ಅಲ್ಲ. ಬೆಳಿಗ್ಗೆ ಅಪ್ಪ ಬಿಟ್ಟು ಹೋಗಬಹುದು. ಮಧ್ಯಾಹ್ನ ಕರೆತರುವವರು ಯಾರು?

ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಅಮ್ಮ ಹೇಳಿದಳು, 'ಅತ್ತೆ, ನಮ್ಮ ಆಯಿ ಸೋಮವಾರ ಬಂದು ಶುಕ್ರವಾರ ಹೋಗ್ತೆ ಹೇಳ್ತು. ಮಕ್ಕಳ ಚಿಂತೆ ಇಲ್ಲೆ.'

ಅಂದರೆ ವಾರಕ್ಕೆ ಐದು ದಿನ ಶಾಲೆಯ ಗೇಟಿನಲ್ಲಿ ಅವಳ ತಾಯಿ ನಿಂತಿರುತ್ತಾರೆ. ನೀವು ಓಡಿ ಹೋಗಿ ಅಪ್ಪಿಕೊಳ್ಳುವುದು ಅವರನ್ನು. ಶಾಲೆಯಲ್ಲಿ ಏನೇನಾಯಿತು ಎಂದು ದಾರಿಯುದ್ದಕ್ಕೂ ಹೇಳುವುದು ಅವರಿಗೆ. ಮನೆಗೆ ಬಂದು ನನಗೆ ಹೇಳಲು ನಿಮ್ಮ ಬಳಿ ಏನೂ ಉಳಿದಿರುವುದಿಲ್ಲ.

'ಅವಕ್ಕೆ ಎಂತಕ್ಕೆ ತ್ರಾಸು?' ಎಂದೆ. 'ಆನೇ ಕರ್ಕಂಡು ಬತ್ತೆ.'

'ನಡ್ಕಂಡಾ ಆಯಿ?' ಎಂದು ನಿಮ್ಮ ಅಪ್ಪ ನಕ್ಕ.

'ಗಾಡಿ ಮೇಲೆ.'

ಅವನು ಸಾರು ಹಾಕಿಕೊಳ್ಳುತ್ತಿದ್ದವನು ಸೌಟು ಹಾಗೇ ಹಿಡಿದುಕೊಂಡ.

ನನಗೆ ಗಾಡಿ ಬರುತ್ತಿತ್ತು. ಅದು ನಿಮಗೆ ಗೊತ್ತಿರಲಿಲ್ಲ. ನಾವು ಮತ್ತಿಘಟ್ಟದಲ್ಲಿ ಇದ್ದಾಗ ನಿಮ್ಮ ಅಜ್ಜ ತಮ್ಮ ಮೋಟಾರ್ ಸೈಕಲ್ಲಿನಲ್ಲಿ ನನಗೆ ಕಲಿಸಿದ್ದರು. ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು ನಾನು, ನಾಲ್ಕು ಜನರೆದುರು ಮಾತಾಡಲು ನಾಲಿಗೆ ತಿರುಗುವುದಿಲ್ಲ. 'ಮಾತಾಡೋದು ಬ್ಯಾಡ, ಗಾಡಿ ಹೊಡಿ' ಎನ್ನುತ್ತಿದ್ದರು. ನನ್ನ ಕಾಲು ನೆಲಕ್ಕೆ ತಾಗುವುದಿಲ್ಲವೆಂದು ಸೀಟಿನ ಹೊಲಿಗೆ ಬಿಚ್ಚಿಸಿ, ಒಳಗಿನ ಸ್ಪಂಜನ್ನು ಕೆತ್ತಿಸಿ ತಗ್ಗು ಮಾಡಿಸಿದ್ದರು. ಕಲಿಯುವವರ ಲೈಸೆನ್ಸು, ಎಲ್ಲೆಲ್ ಎನ್ನುತ್ತಾರಲ್ಲ, ಅದನ್ನೂ ಮಾಡಿಸಿದ್ದರು. ರಸ್ತೆಯ ಪರೀಕ್ಷೆ ಕೊಡುವ ಮೊದಲೇ ಅವರು ತೀರಿಕೊಂಡರು. ಎಲ್ಲೆಲ್ಲಿನ ಅವಧಿ ಯಾವಾಗ ಮುಗಿಯಿತೋ ನಾನು ನೋಡಲೂ ಇಲ್ಲ. ನಾವು ಇಸಳೂರಿಗೆ ಬರುವಾಗ ಆ ಮೋಟಾರ್ ಸೈಕಲ್ಲೂ ಬಂತು, ನಿಮ್ಮ ಅಪ್ಪ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡ, ಆದರೆ ಓಡಿಸಿದ್ದು ತನ್ನದನ್ನೇ. ಅಜ್ಜನದು ಹಳೆಯ ಬೆಡ್‌ಶೀಟು ಹೊದ್ದು ಮೆಟ್ಟಿಲ ಕೆಳಗೆ ನಿಂತಿತ್ತು. ಆರು ವರ್ಷ ನಾನು ಅದರ ಮೇಲೆ ಕೂತಿರಲಿಲ್ಲ.

ಹೊಸದಾಗಿ ಎಲ್ಲೆಲ್ ಮಾಡಿಸಲು ಪೇಟೆಯ ಡ್ರೈವಿಂಗ್ ಸ್ಕೂಲಿಗೆ ಹೋದೆವು. ಅಲ್ಲಿಯ ಮಾಸ್ತರರು ನನ್ನನ್ನು ನೋಡಿ ನಿಮ್ಮ ಅಪ್ಪನ ಹತ್ತಿರ, 'ಅಮ್ಮ ಜೊತೆಗೆ ಬಂದಿದ್ದಾ?' ಎಂದು ಕೇಳಿದರು. ಲೈಸೆನ್ಸು ಅಮ್ಮನಿಗೇ ಎಂದ ಮೇಲೆ ಕುರ್ಚಿ ಸರಿಸಿ ಕೂರಿಸಿದರು. ಪರೀಕ್ಷೆಗೆ ಯಾವ ಗಾಡಿ ಎಂಬ ಮಾತು ಬಂತು. ಗೇರಿನ ಗಾಡಿಯಲ್ಲಿ ಕೊಟ್ಟರೆ ಗೇರಿನ ಲೈಸೆನ್ಸು, ಗೇರಿಲ್ಲದ್ದರಲ್ಲಿ ಕೊಟ್ಟರೆ ಗೇರಿಲ್ಲದ್ದು. ಗೇರಿನದ್ದು ಇದ್ದರೆ ಎರಡನ್ನೂ ಓಡಿಸಬಹುದು, ಗೇರಿಲ್ಲದ್ದು ಇದ್ದರೆ ಸ್ಕೂಟರು ಮಾತ್ರ.

'ನಮ್ಮ ಸ್ಕೂಲಿನ ಬೈಕೇ ತಗೊಳ್ಳಿ ಅಮ್ಮಾ. ಅರ್ಧ ಶಿರಸಿ ಅದ್ರಲ್ಲೇ ಪಾಸಾಗಿದ್ದು. ನೀವು ಸುಮ್ನೆ ಕೂತ್ರೂ ಅದು ತಾನೇ ಎಂಟು ಹಾಕ್ತದೆ' ಎಂದರು ಮಾಸ್ತರರು. ಹೊರಗೆ ನಿಂತಿದ್ದ ಅದನ್ನು ನೋಡಿದೆ. ಹ್ಯಾಂಡಲ್ ಒಂದು ಕಡೆಗೆ ಓರೆ, ಕ್ಲಚ್ಚು ಹಗ್ಗದ ಹಾಗೆ ಸಡಿಲ. ಸೀಟು ನನ್ನ ಸೊಂಟದ ಎತ್ತರ.

ಮನೆಗೆ ಬಂದ ಮೇಲೆ ನಿಮ್ಮ ಅಪ್ಪ ಹೇಳಿದ, 'ಆಯಿ, ಯಲ್ಲಾಪುರದ ಅತ್ತೆಯ ಸ್ಕೂಟರ್ ಇದ್ದಲಾ. ಅದ್ರಲ್ಲೇ ಟೆಸ್ಟ್ ಕೊಡು. ಸೀರೆ ಉಟ್ಗಂಡೇ ಹೊಡೀಲಾಗ್ತು.'

'ಅದು ಗೇರಿಲ್ಲದ್ದು. ಯಂಗೆ ಗೇರಿನ ಗಾಡಿಯೇ ಬತ್ತು.'

'ಬತ್ತಿತ್ತು ಹೇಳು. ಆರು ವರ್ಷ ಆತು.'

ಸ್ಕೂಟರು ಸುಲಭ ಎಂದು ನನಗೆ ಗೊತ್ತಿತ್ತು. ಬೇಡವೆನ್ನಲು ಇದ್ದ ಕಾರಣ ಒಂದೇ, ಅದು ಅವರದ್ದು. ಅವರ ಲೈಸೆನ್ಸು ಗೇರಿಲ್ಲದ್ದು ಎಂದು ಕೇಳಿ ತಿಳಿದಿದ್ದೆ. ನಾನು ಗೇರಿನ ಲೈಸೆನ್ಸು ತೆಗೆದುಕೊಂಡರೆ ಅವರಿಗಿಂತ ಒಂದು ಮೆಟ್ಟಿಲು ಮೇಲೆ. ಶಾಲೆಯ ಗೇಟಿಗೆ ಮೋಟಾರ್ ಸೈಕಲ್ಲಿನಲ್ಲಿ ಹೋಗಿ ನಿಲ್ಲುತ್ತೇನೆ, ಆಮೇಲೆ ಸ್ಕೂಟರಜ್ಜಿಯ ಮಾತನ್ನು ಯಾರು ಆಡುತ್ತಾರೆ ನೋಡುತ್ತೇನೆ ಎಂದು ಪಾತ್ರೆ ತೊಳೆಯುವಾಗೆಲ್ಲ ಲೆಕ್ಕ ಹಾಕಿದೆ. ಮೆಟ್ಟಿಲ ಕೆಳಗಿನ ಗಾಡಿಯನ್ನು ಹೊರಗೆ ತೆಗೆಸಿದೆ. ಮೆಕ್ಯಾನಿಕ್ ಬಂದು ಪ್ಲಗ್ಗು, ಬ್ಯಾಟರಿ ಬದಲಿಸಿದ. ವಿಮೆ, ಹೊಗೆಯ ಸರ್ಟಿಫಿಕೇಟು ನಿಮ್ಮ ಅಪ್ಪ ಮಾಡಿಸಿದ. ಸೀಟು ಇನ್ನೂ ನನ್ನ ಅಳತೆಗೇ ಇತ್ತು.

ಸೀರೆಯಲ್ಲಿ ಮೋಟಾರ್ ಸೈಕಲ್ ಹತ್ತಲಾಗುವುದಿಲ್ಲ. ಬೀಗಿತ್ತಿ ಚೂಡಿದಾರ ಹಾಕಿದರೆ ಮೂಗು ಮುರಿಯುತ್ತಿದ್ದ ನಾನು ನಿಮ್ಮ ಅಮ್ಮನ ಹಳೆಯ ಚೂಡಿದಾರ ಹಾಕಿ, ಮೇಲೆ ನಿಮ್ಮ ಅಪ್ಪನ ಅಂಗಿ ತೊಟ್ಟುಕೊಂಡು ಬೆಳಿಗ್ಗೆ ಬೇಗ ಬಡಾವಣೆಯ ರಸ್ತೆಗೆ ಇಳಿದೆ. ಮನೆ ಕಟ್ಟುತ್ತಿದ್ದ ಕೆಲಸದವರು ಇನ್ನೂ ಬಂದಿರುತ್ತಿರಲಿಲ್ಲ. ಮೊದಲ ದಿನ ಗಾಡಿ ನಾಲ್ಕು ಸಲ ನಿಂತುಹೋಯಿತು. ಮೂರನೆಯ ದಿನಕ್ಕೆ ಕಾಲಿಗೆ ಗೇರು ನೆನಪಾಯಿತು. ಒಂದು ಬೆಳಿಗ್ಗೆ ಮೂರನೇ ಗೇರಿಗೆ ಹಾಕಿ ಖಾಲಿ ಸೈಟುಗಳ ಪಕ್ಕ ಹೋಗುವಾಗ ನನ್ನ ಬಾಯಿಂದ ತಾನಾಗಿಯೇ ಭಜನೆ ಬಂತು. ಅಷ್ಟು ಜೋರಾಗಿ ನಾನು ಯಾವತ್ತೂ ಹಾಡಿಲ್ಲ.

ಪರೀಕ್ಷೆಯ ದಿನ ಮೈದಾನದಲ್ಲಿ ಕಾಲೇಜು ಹುಡುಗರೇ ತುಂಬಿದ್ದರು. ನಾನು ಹೆಲ್ಮೆಟ್ ತೆಗೆಯಲೇ ಇಲ್ಲ, ಅದರೊಳಗೆ ಮುಖ ಅಡಗಿತ್ತಲ್ಲ. ಪರೀಕ್ಷೆ ಮಾಡುವ ಸಾಹೇಬರು ಹಾವೇರಿ ಕಡೆಯವರು, ಮಾತು ದೊಡ್ಡದು. 'ಬರ್ರಿ ಅಮ್ಮಾರ, ಹೆದರಬ್ಯಾಡ್ರಿ' ಎಂದರು. ಎಂಟರ ಆಕಾರದಲ್ಲಿ ಸುತ್ತಿದೆ, ಕಾಲು ಊರಲಿಲ್ಲ. ಕೈ ತೋರಿಸಿ ತಿರುಗಿದೆ. ಆಮೇಲೆ ಮೈದಾನದ ಮೇಲಿನ ತುದಿಗೆ ಹೋಗಿ, ಅಲ್ಲಿಂದ ಇಳಿಜಾರಿನಲ್ಲಿ ಇಳಿದು ಸಾಹೇಬರ ಎದುರು ನಿಲ್ಲಿಸಬೇಕು. ಮೇಲೆ ಹೋದೆ, ತಿರುಗಿಸಿದೆ, ಇಳಿಜಾರು ಕಂಡಿತು. ಕ್ಲಚ್ ಹಿಡಿದೆ, ನ್ಯೂಟ್ರಲ್ ಮಾಡಿದೆ, ಚಾವಿ ತಿರುಗಿಸಿ ಎಂಜಿನ್ ಬಂದ್ ಮಾಡಿದೆ. ಸದ್ದಿಲ್ಲದೆ ತೇಲಿಕೊಂಡು ಬಂದು ಸಾಹೇಬರ ಬೂಟಿನಿಂದ ಒಂದು ಮಾರು ದೂರದಲ್ಲಿ ನಿಂತೆ. ಇಷ್ಟು ಚೆನ್ನಾಗಿ ಯಾವ ಕಾಲೇಜು ಹುಡುಗನೂ ನಿಲ್ಲಿಸಲಿಲ್ಲ ಎಂದು ಒಳಗೇ ಬೀಗಿದೆ.

'ಯಾಕ್ರಿ ಅಮ್ಮಾರ, ಗಾಡಿ ಕೆಟ್ಟತೇನ್ರಿ?' ಎಂದರು ಸಾಹೇಬರು.

'ಇಲ್ಲ ಸರ್.'

'ಮತ್ತ ಯಾಕ ಬಂದ್ ಬಿತ್ತು?'

'ನಾನೇ ಬಂದ್ ಮಾಡಿದ್ದು ಸರ್. ಇಳಿಜಾರಲ್ವಾ?'

ಅವರು ಇಳಿಜಾರಿನ ಕಡೆಗೆ ತಿರುಗಿ ನೋಡಿದರು. 'ಇಳಿಜಾರಿದ್ರ?'

'ಪೆಟ್ರೋಲು ಉಳೀತದೆ.'

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಸಾಹೇಬರಿಗೂ ನಗು ಬಂತು, ಆದರೂ ತಡೆದುಕೊಂಡು ಹೇಳಿದರು, 'ಎಂಜಿನ್ ಬಂದ್ ಮಾಡಿ ಇಳದ್ರ ಗಾಡಿ ನಿಮ್ಮ ಕೈಯಾಗ ಇರೂದಿಲ್ರಿ. ಘಟ್ಟದಾಗ ಹಿಂಗ ಇಳದು ಎಷ್ಟು ಮಂದಿ ಬಿದ್ದಾರ ಗೊತ್ತೇನ್ರಿ? ಇವತ್ತ ಆಗೂದಿಲ್ಲ. ಇನ್ನೊಮ್ಮೆ ಬರ್ರಿ.'

ನಿಮ್ಮ ಅಜ್ಜ ಮತ್ತಿಘಟ್ಟದ ಇಳಿಜಾರಿನಲ್ಲಿ ಕಲಿಸಿದ್ದೇ ಹಾಗೆ. ನಮ್ಮ ಕಡೆ ಇಳಿಯುವ ರಸ್ತೆ ಸಿಕ್ಕಿದರೆ ಚಾವಿ ತಿರುಗಿಸದವರು ಯಾರಿದ್ದರು? ಅದನ್ನು ತಪ್ಪು ಎಂದು ಯಾರೂ ನನಗೆ ಹೇಳಿರಲಿಲ್ಲ. ವಾಪಸು ಬರುವಾಗ ಮಾಸ್ತರರು, 'ಎಲ್ಲರೂ ಹಾಗೇ ಇಳಿತಾರೆ ಅಮ್ಮಾ. ಸಾಹೇಬ್ರ ಎದುರಿಗೆ ಮಾತ್ರ ಇಳಿಯೋದಿಲ್ಲ' ಎಂದರು.

ದಸರಾ ರಜೆ ಮುಗಿಯಿತು. ಸೋಮವಾರ ಬೆಳಿಗ್ಗೆ ತಿರುವಿನಲ್ಲಿ ಹಾರ್ನು ಕೇಳಿಸಿತು. ಬೀಗಿತ್ತಿ ಬಟ್ಟೆಯ ಚೀಲದೊಂದಿಗೆ ಬಂದಿಳಿದರು.

ಪರೀಕ್ಷೆಯ ಕಥೆಯನ್ನು ನಿಮ್ಮ ಅಪ್ಪ ಆಗಲೇ ಫೋನಿನಲ್ಲಿ ಹೇಳಿ ಆಗಿತ್ತು. ಅವರು ಚಹಾ ಕುಡಿಯುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. 'ಅಯ್ಯೋ ಅತ್ತಿಗೆ, ನಮ್ಮನೆಯವೂ ಅರಬೈಲು ಘಟ್ಟ ಪೂರ್ತಿ ಹಂಗೇ ಇಳಿತ. ಆನು ಹಿಂದೆ ಕೂತ್ಗಂಡು ರಾಮ ರಾಮ ಹೇಳ್ತಾ ಇರ್ತೆ. ಎಷ್ಟು ಬೈದ್ರೂ ಕೇಳ್ತ್ವಿಲ್ಲೆ.'

ಅವರು ನನ್ನನ್ನು ಆಡಿಕೊಂಡದ್ದಲ್ಲ, ಅದು ನನಗೂ ಗೊತ್ತು. ಆದರೆ ಆ ಮಾತು ನನಗೆ ಬೇರೆ ಕಡೆ ತಾಗಿತು. ಬೈಯಲು ಅವರಿಗೆ ಗಂಡ ಇದ್ದಾರೆ. ಅವರಿಗೆ ಸ್ಕೂಟರು ಕಲಿಸಿದವರೂ ಅವರೇ, ಈಗಲೂ ಸಂಜೆ ಫೋನು ಮಾಡಿ ಗಾಡಿಯ ಎಣ್ಣೆ ನೋಡಿದೆಯಾ ಎಂದು ಕೇಳುತ್ತಾರೆ. ನಾನು ಬರಿದಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಆ ವಾರ ಮಧ್ಯಾಹ್ನ ಅವರು ಹೆಲ್ಮೆಟ್ ಹಾಕಿಕೊಂಡು ಹೊರಟರೆ ನಾನು ಗೇಟು ತೆಗೆದು ಕೊಡುವವಳು, ನೀವು ಮೂವರೂ ನಗುತ್ತ ಬಂದರೆ ಮತ್ತೆ ಗೇಟು ತೆಗೆಯುವವಳು. ನಾನು ಎಣಿಸಿದಂತೆಯೇ ಆಯಿತು. ಶಾಲೆಯ ಸುದ್ದಿ ದಾರಿಯಲ್ಲೇ ಖಾಲಿಯಾಗಿರುತ್ತಿತ್ತು. 'ಇವತ್ತು ಎಂತಾ ಆತು?' ಎಂದು ಕೇಳಿದರೆ ಸಣ್ಣವನು, 'ಯಲ್ಲಾಪುರಜ್ಜಿ ಹತ್ರ ಹೇಳಿದ್ದೆ, ಅದ್ನ ಕೇಳು' ಎನ್ನುತ್ತಿದ್ದ. ನಾನು ಮಾಡಿಟ್ಟ ಅವಲಕ್ಕಿಯನ್ನು ನೀವು ಅವರ ಪಕ್ಕ ಕೂತು ತಿನ್ನುತ್ತಿದ್ದಿರಿ.

ಶುಕ್ರವಾರ ಅವರು ಹೊರಡುವ ಮುಂಚೆ ಮೆಟ್ಟಿಲ ಕೆಳಗೆ ಬಂದು ನಿಮ್ಮ ಅಜ್ಜನ ಮೋಟಾರ್ ಸೈಕಲ್ಲನ್ನು ನೋಡಿದರು. 'ಅತ್ತಿಗೆ, ಇದು ಎರಡು ಮಕ್ಕಳನ್ನ ಕೂರಿಸ್ಕಂಡು ಪೇಟೆಯಲ್ಲಿ ಹೊಡ್ಯ ಗಾಡಿ ಅಲ್ಲ. ಸಿಗ್ನಲ್ಲಿಗೆ ನಿಂತ್ರೆ ಭಾರ ತಡ್ಕಂಬಲೆ ಆಗ್ತಿಲ್ಲೆ. ಯನ್ನ ಗಾಡಿ ತಗಳಿ. ಬಟನ್ ಒತ್ತಿದ್ರೆ ಹೋಗ್ತು.'

'ನೋಡನ' ಎಂದೆ.

ಅವರು ಹೇಳಿದ್ದು ಸರಿ ಎಂಬುದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಶನಿವಾರ ನಿಮಗೆ ಶಾಲೆಯಿಲ್ಲ; ಬೆಳಿಗ್ಗೆ ದೊಡ್ಡವಳನ್ನು ಹಿಂದೆ ಕೂರಿಸಿ, ಸಣ್ಣವನನ್ನು ಟ್ಯಾಂಕಿನ ಮೇಲೆ ಕೂರಿಸಿ, ಎಂಜಿನ್ ಚಾಲೂ ಮಾಡದೆ ಸುಮ್ಮನೆ ನಿಂತು ನೋಡಿದೆ. ಸಣ್ಣವನು ಒಂದು ಕಡೆಗೆ ವಾಲಿ ಹಕ್ಕಿ ನೋಡಿದ, ಅಷ್ಟಕ್ಕೇ ಗಾಡಿ ಆ ಕಡೆಗೆ ಬಾಗಿತು. ಹಿಡಿದುಕೊಂಡೆ, ಆದರೆ ಗೋಡೆಗೆ ಒರಗಿಸಿಯೇ ನಿಲ್ಲಿಸಬೇಕಾಯಿತು. ನಿಮ್ಮನ್ನು ಇಳಿಸಿ, ಗಾಡಿಯನ್ನು ಮೆಟ್ಟಿಲ ಕೆಳಗೆ ತಳ್ಳಿದೆ. ಗೇರಿನ ಲೈಸೆನ್ಸು ಸಿಕ್ಕರೂ ನೀವು ಅವರ ಸ್ಕೂಟರಿನಲ್ಲೇ ಬರುತ್ತೀರಿ. ಹಾಗಾದರೆ ಗೆದ್ದವರು ಯಾರು?

ಸೋಮವಾರ ಅವರು ಬಂದ ಕೂಡಲೇ ಕೇಳಿದೆ. 'ಅತ್ತಿಗೆ, ನಿಂಗಳ ಗಾಡಿ ಸಂಜೆ ಹೊತ್ತಿಗೆ ಒಂದ್ಸಲ ಕೊಡಲಕ್ಕಾ?' ಅವರು ಚಾವಿಯನ್ನು ನನ್ನ ಕೈಯಲ್ಲಿಟ್ಟು, ಕೇಳದೆಯೇ ಹಿಂದೆ ಹತ್ತಿ ಕೂತರು.

ಗೇರಿಲ್ಲದ ಲೈಸೆನ್ಸಿಗೆ ಬೇಕಾದ ಕಾಗದದ ಕೆಲಸ ಮಾಸ್ತರರು ನೋಡಿಕೊಂಡರು. ಅದು ಮುಗಿದು ನನ್ನ ಸರದಿ ಬರುವ ತನಕ ಬೀಗಿತ್ತಿ ನಮ್ಮ ಮನೆಯಲ್ಲೇ. ಸಂಜೆ ನಾವಿಬ್ಬರೂ ಬಡಾವಣೆ ಸುತ್ತುತ್ತಿದ್ದೆವು, ನಾನು ಮುಂದೆ, ಅವರು ಹಿಂದೆ. 'ಎಡಕ್ಕೆ ಕೈ ತೋರ್ಸಿ. ಆ ಕಾಲು ಎಂತಕ್ಕೆ ಒದ್ದಾಡ್ತು? ಅಲ್ಲಿ ಗೇರಿಲ್ಲೆ ಅತ್ತಿಗೆ!' ಇಳಿಜಾರು ಬಂದಾಗೆಲ್ಲ ಹಿಂದಿನಿಂದ ಕೈ ಚಾಚಿ ಚಾವಿಯ ಮೇಲೆ ಇಟ್ಟುಬಿಡುತ್ತಿದ್ದರು. ಚೆನ್ನಾಗಿ ಕಲಿಸುತ್ತಿದ್ದರು. ಅವರು ಚೆನ್ನಾಗಿ ಕಲಿಸಿದಷ್ಟೂ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಎರಡನೆಯ ಸಲ ಸೀರೆ ಉಟ್ಟೇ ಹೋದೆ. ಅದೇ ಸಾಹೇಬರು. 'ಅಮ್ಮಾರ, ಇವತ್ತ ಪೆಟ್ರೋಲ್ ಖರ್ಚು ಮಾಡ್ರಿ' ಎಂದರು. ಇಳಿಜಾರಿನಲ್ಲಿ ಎಂಜಿನ್ ಸದ್ದು ಮಾಡಿಕೊಂಡೇ ಇಳಿದೆ. ಪಾಸು. ಮನೆಗೆ ಬಂದರೆ ಬೀಗಿತ್ತಿ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿಯೇ ತಿಳಿದುಕೊಂಡು, 'ಆನು ಇನ್ನು ಮನೆಗೆ ಹೋಪ್ಲಕ್ಕು ಹೇಳಿ ಆತು' ಎಂದು ನಕ್ಕರು. ನಗುವ ಮುಂಚೆ ಒಂದು ಗಳಿಗೆ ಅವರ ಮುಖ ಬೇರೆ ಥರ ಇತ್ತು. ನಾನು ಅದನ್ನು ನೋಡಿದೆ, ನೋಡಿ ಖುಷಿಪಟ್ಟೆ.

ಬೀಗರ ಮನೆಯಿಂದ ಬಂದ ಪಾತ್ರೆಯನ್ನು ನಾವು ಬರಿದಾಗಿ ವಾಪಸು ಕೊಡುವುದಿಲ್ಲ, ನಿಮಗೆ ಗೊತ್ತು. ಗಾಡಿಗೂ ಅದೇ ಲೆಕ್ಕ ಎಂದು ನಾನು ನಿಮ್ಮ ಅಪ್ಪನಿಗೆ ಹೇಳಿ ಟ್ಯಾಂಕು ತುಂಬಿಸಿದೆ. ಸೀಟಿನ ಕೆಳಗೆ ಕಬ್ಬಿನ ಹಾಲಿನ ಸಿಹಿ ತೊಡದೇವಿನ ಡಬ್ಬಿ ಇಟ್ಟೆ. ಅವರಿಗಿಂತ ನಾನು ತೆಳುವಾಗಿ ಮಾಡುತ್ತೇನೆ, ಅದು ಅವರಿಗೂ ತಿಳಿದಿರಲಿ ಎಂದು ಒಂದು ದಿನವಿಡೀ ಒಲೆಯ ಮುಂದೆ ಕೂತು ಮಾಡಿದ್ದು. ಶುಕ್ರವಾರ ಅವರು ಹೊರಟಾಗ ನೀವಿಬ್ಬರೂ ಅತ್ತಿರಿ. ನಾನು ಗೇಟು ಹಾಕಿದೆ.

ಆಮೇಲೆ ನಮಗೊಂದು ಸ್ಕೂಟರು ಬೇಕಾಯಿತು. ನಿಮ್ಮ ಅಪ್ಪ ಶನಿವಾರವಿಡೀ ಲೆಕ್ಕ ಹಾಕಿ, ಕೊನೆಗೆ, 'ಅಪ್ಪನ ಬೈಕು ಕೊಟ್ಟು ಹಳೇ ಸ್ಕೂಟರ್ ಒಂದು ತಗಳಲಾಗ್ತು ಆಯಿ, ನೀನು ಬ್ಯಾಡ ಅಂದ್ರೆ ಬ್ಯಾಡ' ಎಂದ. ಅದನ್ನು ಓಡಿಸುವ ಲೈಸೆನ್ಸು ನನ್ನ ಬಳಿ ಇರಲಿಲ್ಲ, ಇನ್ನು ಬರುವುದೂ ಇಲ್ಲ. ಕೊಡು ಎಂದೆ. ಅಂಗಡಿಯವನು ಸುತ್ತ ತಿರುಗಿ ನೋಡಿ, 'ಎಲ್ಲ ಸರಿ, ಈ ಸೀಟು ಯಾರು ಹಾಳು ಮಾಡಿದ್ದು?' ಎಂದು ಕೇಳಿದ. ನಾನು ಸ್ಕೂಟರುಗಳ ಕಡೆಗೆ ತಿರುಗಿದೆ. ಬೀಗಿತ್ತಿಯದ್ದರ ಹಾಗೇ ಇದ್ದ ಕೆಂಪು ಸ್ಕೂಟರನ್ನು ತೋರಿಸಿದ. ಒಳ್ಳೆಯ ಗಾಡಿ. ನಾನು ಪಕ್ಕದಲ್ಲಿದ್ದ ನೀಲಿಯದನ್ನು ಆರಿಸಿದೆ.

ಮೊದಲ ದಿನ ಶಾಲೆ ಬಿಡುವ ಎಷ್ಟೋ ಮುಂಚೆ ಹೋಗಿ ಗೇಟಿನ ಎದುರು ನಿಂತೆ. ಬೇರೆ ತಾಯಂದಿರು ಮಾತಾಡಿಕೊಂಡಿದ್ದರು, ನಾನು ನಾಚಿಕೆಯಿಂದ ಕನ್ನಡಿ ಒರೆಸುತ್ತ ಇದ್ದೆ. ಗಂಟೆ ಹೊಡೆಯಿತು. ನೀವು ಹೊರಗೆ ಬಂದು ಕೆಂಪು ಗಾಡಿಗಾಗಿ ಅತ್ತಿತ್ತ ನೋಡಿದಿರಿ. ನಾನು ಹಾರ್ನು ಹೊಡೆದೆ.

'ಯಲ್ಲಾಪುರಜ್ಜಿ ಎಲ್ಲಿ?' ಎಂದ ಸಣ್ಣವನು.

'ಯಲ್ಲಾಪುರದಲ್ಲಿ ಇದ್ದು. ಹತ್ತು.'

ಅವನು ಮುಂದೆ ನಿಂತ. ದೊಡ್ಡವಳು ಹಿಂದೆ ಕೂತು ನನ್ನ ಸೊಂಟವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರನ್ನೂ ಹೊತ್ತುಕೊಂಡು ಪೇಟೆ ದಾಟುವ ತನಕ ನಾನು ಬ್ರೇಕಿನ ಮೇಲಿನ ಬೆರಳು ತೆಗೆಯಲಿಲ್ಲ. ಇಸಳೂರಿನ ರಸ್ತೆಗೆ ಬಿದ್ದ ಮೇಲೆ ಹಿಂದಿನಿಂದ ದೊಡ್ಡವಳ ದನಿ, 'ಅಜ್ಜಿ, ಬೇಗ ಹೋಗು. ಯಲ್ಲಾಪುರಜ್ಜಿ ಇಷ್ಟು ನಿಧಾನ ಹೋಗ್ತಿಲ್ಲೆ.'

'ಅದು ಹೋಗ್ತಿಲ್ಲೆ, ಆನು ಹೋಗ್ತೆ ಮಗಾ' ಎಂದೆ. 'ಇವತ್ತು ಶಾಲೆಯಲ್ಲಿ ಎಂತೆಂತಾ ಆತು, ಹೇಳು ನೋಡನ.'

ಅವಳು ಹೇಳಲು ಶುರು ಮಾಡಿದಳು. ನಾನು ಇನ್ನೂ ನಿಧಾನ ಮಾಡಿದೆ.